‘ನಿಖರತೆ’ ಒಂದೇ ಸಾಕೇ? ಮೊಬೈಲ್ ಇರುವ ಜಾಗ ಹೇಳುವಾಗ ಬರುವ ತೊಡಕು

ನಮಸ್ಕಾರ. ಮೊಬೈಲ್ ನೆಟ್‌ವರ್ಕ್ ಒಂದು ಫೋನ್ ಎಲ್ಲಿದೆ ಎಂದು ಹೇಗೆ ಕಂಡುಹಿಡಿಯುತ್ತದೆ, ಆ ಲೆಕ್ಕವನ್ನು ಇನ್ನಷ್ಟು ಸರಿಪಡಿಸುವುದು ಹೇಗೆ ಎಂಬ ಬಗ್ಗೆ ಡಿಪ್ಲೊಮಾ ಮಕ್ಕಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ‘ನಿಖರತೆ’ ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ. ಇಂಗ್ಲಿಷಿನವರಿಗೆ ಆಕ್ಯುರಸಿ (ಅಳತೆ ನಿಜಕ್ಕೆ ಹತ್ತಿರವಿರುವುದು), ಪ್ರಿಸಿಷನ್ (ಪ್ರತಿ ಸಲ ಹೆಚ್ಚುಕಮ್ಮಿ ಒಂದೇ ಅಳತೆ ಬರುವುದು) ಎಂದು ಎರಡು ಪದ ಇವೆ. ನಾವು ಎರಡಕ್ಕೂ ನಿಖರತೆ ಅಂತಲೇ ಬರೆದುಬಿಡುತ್ತೇವೆ. ಬೇರೆ ಕಡೆ ಇದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ನೆಂಟರ ಮನೆಯಲ್ಲಿದ್ದೆ. ಅಲ್ಲಿ ಸಿಗುವುದು ಒಂದೇ ಟವರ್. ಮನೆಯೊಳಗೆ ಜಿಪಿಎಸ್ ಹಿಡಿಯುತ್ತಿರಲಿಲ್ಲ. ಮ್ಯಾಪ್ ತೆರೆದರೆ ನೀಲಿ ಚುಕ್ಕೆ ಹಳ್ಳದಾಚೆ ಯಾರದ್ದೋ ಗದ್ದೆಯಲ್ಲಿ ಕೂತಿತ್ತು. ಬೆಳಿಗ್ಗೆ ನೋಡಿದರೂ ಅಲ್ಲೇ, ಸಂಜೆ ನೋಡಿದರೂ ಅಲ್ಲೇ. ಪಾರ್ಸೆಲ್ ತಂದ ಹುಡುಗ ಆ ಚುಕ್ಕೆ ನಂಬಿ ಸಂಕ ದಾಟಿ ಹೋಗಿ, ಕೆಸರು ಮೆತ್ತಿಕೊಂಡು ವಾಪಸ್ ಬಂದ. ಬೆಂಗಳೂರಿನ ಅವೆನ್ಯೂ ರಸ್ತೆಯ ಗಲ್ಲಿಯಲ್ಲಿ ಇದರ ಉಲ್ಟಾ. ನಿಂತ ಜಾಗದಲ್ಲೇ ನಿಂತಿದ್ದೆ. ಚುಕ್ಕೆ ಮಾತ್ರ ಒಮ್ಮೆ ಎಡಗಡೆ ಅಂಗಡಿಗೆ, ಒಮ್ಮೆ ಹಿಂದಿನ ಬೀದಿಗೆ ಹಾರುತ್ತಾ ನನ್ನ ಸುತ್ತಲೇ ಅಲೆಯುತ್ತಿತ್ತು.

ಎರಡನ್ನೂ ‘ನಿಖರವಾಗಿಲ್ಲ’ ಎನ್ನಬಹುದು. ಆದರೆ ತಪ್ಪು ಒಂದೇ ಅಲ್ಲ, ಅಲ್ವಾ? ಗೋಲಿ ಆಡಿದವರಿಗೆ ಇದು ಬೇಗ ಹೊಳೆಯುತ್ತದೆ. ಐದು ಗೋಲಿ ಎಸೆದಾಗ ಐದೂ ಗುಳಿಯಿಂದ ಒಂದು ಗೇಣು ಬಲಕ್ಕೆ, ಒತ್ತಾಗಿ ಬಿದ್ದರೆ ಅದು ಒಂದು ಬಗೆ. ಗುಳಿಯ ಸುತ್ತ ನಾಲ್ಕೂ ದಿಕ್ಕಿಗೆ ಚೆಲ್ಲಿ ಬಿದ್ದರೆ ಇನ್ನೊಂದು ಬಗೆ.

ನೆಟ್‌ವರ್ಕಿನಲ್ಲಿ ಇವೆರಡಕ್ಕೆ ಮದ್ದು ಬೇರೆ ಬೇರೆ. ಅದಕ್ಕೇ ನನಗೆ ಪದ ಬೇಕಾಗಿರುವುದು. ಫೋನ್ ಮತ್ತು ಟವರ್ ನಡುವಿನ ದೂರವನ್ನು ಅಳೆಯುವುದು ಸಿಗ್ನಲ್ ಹೋಗಿ ಬರುವ ಸಮಯದಿಂದ. ರೇಡಿಯೊ ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ ಸುಮಾರು 300 ಮೀಟರ್ ಓಡುತ್ತದೆ. ಹಳೆಯ 2ಜಿಯಲ್ಲಿ ಈ ಅಳತೆಯ ಒಂದೊಂದು ಹೆಜ್ಜೆಯೂ, ಅಂದರೆ ಅದು ಗುರುತಿಸಬಲ್ಲ ಅತಿ ಸಣ್ಣ ದೂರ, ಸುಮಾರು 550 ಮೀಟರ್. 4ಜಿಯಲ್ಲಿ ಅದು ಸುಮಾರು 78 ಮೀಟರಿಗೆ ಇಳಿಯಿತು. ಇನ್ನೊಂದು ವಿಧಾನದಲ್ಲಿ ಹಲವು ಟವರ್‌ಗಳ ಸಿಗ್ನಲ್ ಎಷ್ಟೆಷ್ಟು ಹಿಂದೆಮುಂದೆ ಬಂತು ಎಂದು ಹೋಲಿಸುತ್ತಾರೆ. ಅಲ್ಲಿ ಒಂದು ಟವರಿನ ಗಡಿಯಾರ ಮೈಕ್ರೊಸೆಕೆಂಡಿನ ಹತ್ತನೇ ಒಂದು ಪಾಲು ತಪ್ಪಿದರೂ ಲೆಕ್ಕದಲ್ಲಿ 30 ಮೀಟರ್ ಎಡವಟ್ಟು. ಆ ಎಡವಟ್ಟು ಪ್ರತಿ ಸಲ ಒಂದೇ ಕಡೆಗೆ ಬರುತ್ತದೆ. ನೂರು ಸಲ ಅಳೆದು ಸರಾಸರಿ ತೆಗೆದರೂ ಹೋಗುವುದಿಲ್ಲ, ಗಡಿಯಾರವನ್ನೇ ಹೊಂದಿಸಬೇಕು. ಸಿಗ್ನಲ್ಲಿನ ಗದ್ದಲದಿಂದ ಚುಕ್ಕೆ ಹಾರಾಡುತ್ತಿದ್ದರೆ ಮಾತ್ರ ಸರಾಸರಿ ಕೆಲಸಕ್ಕೆ ಬರುತ್ತದೆ. ಮಕ್ಕಳು ಇದನ್ನು ಕಲಸಿಕೊಂಡರೆ ಪಾಠ ಬರೆದೂ ದಂಡ.

ಸರಿ, ಪದ ಯಾವುದು? ‘ಖಚಿತತೆ’ ನೋಡಿದೆ. ರತ್ನಖಚಿತ ಎಂಬಲ್ಲಿ ಕೂರಿಸಿದ್ದು ಎಂಬ ಅರ್ಥವಿದ್ದರೂ ಇವತ್ತಿನ ಮಾತಿನಲ್ಲಿ ಖಚಿತ ಅಂದರೆ ನಮ್ಮ ಮನಸ್ಸಿಗೆ ಅನುಮಾನವಿಲ್ಲ ಎಂದು. ಅಳತೆಗೆ ಅದು ಕೂರುವುದಿಲ್ಲ. ‘ಕರಾರುವಾಕ್ಕು’ ನನಗೆ ಬಹಳ ಇಷ್ಟದ ಪದ. ಆದರೆ ಅದರೊಳಗೆ ‘ಸರಿ’ ಎಂಬುದೂ ಸೇರಿಕೊಂಡಿದೆ. ‘ಕರಾರುವಾಕ್ಕಾಗಿ ತಪ್ಪು’ ಎಂದರೆ ಕಿವಿ ಒಪ್ಪುವುದಿಲ್ಲ. ಗದ್ದೆಯಲ್ಲಿ ಕೂತ ಚುಕ್ಕೆಗೆ ಬೇಕಾಗಿರುವುದು ಅಂಥ ಮಾತೇ.

ಒಂದು ವಾರ ಇದನ್ನೇ ಯೋಚಿಸಿದ ಮೇಲೆ ಅನ್ನಿಸಿದ್ದು: ಗುಣಕ್ಕೆ ಹೆಸರು ಹುಡುಕುವ ಬದಲು ತಪ್ಪಿಗೇ ಹೆಸರಿಟ್ಟರೆ ಕನ್ನಡ ಸಲೀಸಾಗಿ ಬರುತ್ತದೆ. ಅಳತೆ ಒಂದೇ ಕಡೆಗೆ ಜಾರಿದ್ದರೆ ‘ವಾಲು’. ಸುತ್ತಲೂ ಹರಡಿದ್ದರೆ ‘ಚದುರು’. ಎರಡೂ ಕಡಿಮೆಯಿದ್ದರೆ ನಿಖರ. ಅಳತೆಯ ಮಾನಕ ಐಎಸ್‌ಒ 5725 ಕೂಡ ಆಕ್ಯುರಸಿ ಎಂಬ ಪದವನ್ನು ಹೀಗೆ ಎರಡನ್ನೂ ಒಳಗೊಂಡ ಮಾತಾಗಿಯೇ ಬಳಸುತ್ತದೆ. ಹಾಗಾಗಿ ನಿಖರತೆಯನ್ನು ಬಿಡಬೇಕಿಲ್ಲ. ‘ತೀರ್ಥಹಳ್ಳಿಯ ಚುಕ್ಕೆಗೆ ಚದುರು ಕಡಿಮೆ, ವಾಲು ಜಾಸ್ತಿ’ ಎಂದು ಓದಿದರೆ ನಿಮಗೆ ಅರ್ಥವಾಗುತ್ತದೆಯೇ? ‘ವಾಲು’ ಎಂದರೆ ಗೋಡೆ, ಮರ ಕಣ್ಣಿಗೆ ಬಂದು ಅಡ್ಡವಾಗುತ್ತದೆಯೇ?

ಇನ್ನೊಂದು ತೊಡಕೂ ಇದೆ. ‘ನಿಖರತೆ 50ರಿಂದ 10 ಮೀಟರಿಗೆ ಇಳಿಯಿತು’ ಎಂದು ಬರೆದರೆ ಓದುವವರಿಗೆ ಕೆಟ್ಟಿತು ಅನ್ನಿಸುತ್ತದೆ. ಆದದ್ದು ಒಳ್ಳೆಯದೇ! ಇಲ್ಲಿ ನಾನು ‘ಆಚೀಚೆ 10 ಮೀಟರ್’ ಎಂದು ಬರೆಯುತ್ತಿದ್ದೇನೆ. ಆದರೆ ಚುಕ್ಕೆಯ ಸುತ್ತಲಿನ ತಿಳಿನೀಲಿ ವೃತ್ತಕ್ಕೆ ಅಷ್ಟೇ ಸಾಲದು. ಆಂಡ್ರಾಯ್ಡ್ ಲೆಕ್ಕದಲ್ಲಿ ಫೋನ್ ಆ ವೃತ್ತದೊಳಗೆ ಇರುವ ಸಾಧ್ಯತೆ ಶೇ. 68 ಮಾತ್ರ. ‘ನೀವು ಈ ವೃತ್ತದೊಳಗೆ ಇದ್ದೀರಿ’ ಎಂದು ಬರೆದರೆ ಸುಳ್ಳಾಗುತ್ತದೆ. ‘ಬಹುಪಾಲು’, ‘ಹೆಚ್ಚುಕಮ್ಮಿ’, ‘ಮೂರಕ್ಕೆ ಎರಡು ಸಲ’ ಇವುಗಳಲ್ಲಿ ಯಾವುದು ಸರಿ? ನನಗೆ ಕೊನೆಯದೇ ಪ್ರಾಮಾಣಿಕ ಅನ್ನಿಸುತ್ತದೆ, ಸ್ವಲ್ಪ ಉದ್ದವಾದರೂ.

ನಿಮ್ಮ ಊರಿನ ಬಡಗಿಗಳು, ಗಾರೆ ಕೆಲಸದವರು, ಜಮೀನು ಅಳೆಯುವವರು ಅಳತೆ ಒಂದೇ ಕಡೆಗೆ ತಪ್ಪಿದಾಗ ಏನೆನ್ನುತ್ತಾರೆ, ಪ್ರತಿ ಸಲ ಬೇರೆ ಬಂದಾಗ ಏನೆನ್ನುತ್ತಾರೆ? ದಯವಿಟ್ಟು ಕೇಳಿ ತಿಳಿಸಿ. ವಾಲು, ಚದುರುಗಿಂತ ಒಳ್ಳೆಯ ಪದ ಅವರ ಬಾಯಲ್ಲಿದ್ದರೆ ಪಾಠದಲ್ಲಿ ಅದನ್ನೇ ಹಾಕುತ್ತೇನೆ.