ಸಹಾಯ ಬೇಕು: ಫೋಟೊ ಸಾಫ್ಟ್‌ವೇರ್ ಹಿನ್ನೆಲೆಯಲ್ಲಿ ತುಂಬಾ ನಿಧಾನ

ಎಲ್ಲರಿಗೂ ನಮಸ್ಕಾರ. ಅಪ್ಪ ತೆಗೆದ ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿಸಿ, ನಮ್ಮ ಮೊಬೈಲ್ ಫೋಟೊಗಳ ಜೊತೆ ಒಂದೇ ಸಾಫ್ಟ್‌ವೇರ್‌ಗೆ ಹಾಕಿದ್ದೇನೆ. ಒಟ್ಟು 60 ಸಾವಿರದ ಹತ್ತಿರ. ಈಗ ಅದು ಥಂಬ್‌ನೇಲ್ (ಫೋಟೊದ ಪುಟ್ಟ ಚಿತ್ರ) ಮಾಡುತ್ತಾ, ಮುಖ ಗುರುತಿಸುತ್ತಾ ಕೂತಿದೆ. ಆಮೆ ವೇಗ. ಯಾವ ಆಲ್ಬಮ್ ತೆರೆದರೂ ಬರೀ ಬೂದು ಚೌಕಗಳು.

ಟಾಸ್ಕ್ ಮ್ಯಾನೇಜರ್ ನೋಡಿದೆ. ಸಿಪಿಯು 15% ದಾಟುತ್ತಿಲ್ಲ, ಡಿಸ್ಕ್ ಮಾತ್ರ ಯಾವಾಗಲೂ 100%. ಫೋಟೊ, ಡೇಟಾಬೇಸ್ (ಸಾಫ್ಟ್‌ವೇರ್ ಹೆಸರು, ಟ್ಯಾಗ್ ಬರೆದಿಡುವ ಫೈಲ್), ಥಂಬ್‌ನೇಲ್ ಎಲ್ಲವೂ ಒಂದೇ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿವೆ. ತಿರುಗುವ ಡಿಸ್ಕ್‌ಗೆ ಅಲ್ಲೊಂದು ಇಲ್ಲೊಂದು ಸಣ್ಣ ಫೈಲ್ ಓದಿ ಬರೆಯುವುದೇ ಕಷ್ಟ ಅಲ್ವಾ, ಅಲ್ಲೇ ಸಿಕ್ಕಿಕೊಂಡಿದೆ ಅನ್ನಿಸುತ್ತದೆ.

ಡೇಟಾಬೇಸ್, ಥಂಬ್‌ನೇಲ್ ಎರಡನ್ನೇ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತಂದು, ಫೋಟೊಗಳನ್ನು ಅಲ್ಲೇ ಬಿಟ್ಟರೆ ಸಾಕಾ? ಹಾಗೆ ಮಾಡಿದರೆ ಈಗಾಗಲೇ ಹಾಕಿದ ಹೆಸರು, ಟ್ಯಾಗ್ ಉಳಿಯುತ್ತವಾ? ಅಜ್ಜಿಯ ತವರಿನ ಕಡೆಯವರ ಮುಖಗಳಿಗೆಲ್ಲ ಅಮ್ಮ ಪಕ್ಕದಲ್ಲೇ ಕೂತು ಹೆಸರು ಹೇಳಿದ್ದಾರೆ. ಅವರನ್ನು ಗುರುತಿಸುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ. ಹಾಗಾಗಿ ಮೊದಲು ಆ ಹೆಸರುಗಳನ್ನು ಫೋಟೊ ಫೈಲ್‌ನ ಒಳಗೇ ಎಕ್ಸ್‌ಎಂಪಿ (ಫೋಟೊ ಜೊತೆಗೇ ಹೆಸರು, ಟ್ಯಾಗ್ ಇಡುವ ವಿಧಾನ) ಆಗಿ ಬರೆಸಿಡಬೇಕು ಅಂದುಕೊಂಡಿದ್ದೇನೆ. ಇದು ಸರಿಯಾ?

ವಿಂಡೋಸ್ 11, 16 ಜಿಬಿ ರ್‍ಯಾಮ್ ಇದೆ. ಹೀಗೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಅಲ್ಲಿವರೆಗೆ ಯಾವ ಫೈಲನ್ನೂ ಜಾಗ ಬದಲಿಸುವುದಿಲ್ಲ.