ಡೆಸಿಮಲ್‌ನಿಂದ ಬೈನರಿಗೆ: ಧಾರವಾಡದ ಕಂಪ್ಯೂಟರ್ ಮೇಡಂಗೆ ಕೇಳಿ

ಅಡ್ಮಿನ್: ಇವತ್ತು ಸಂಜೆ ಮೇಡಂ ನಮ್ಮ ಜೊತೆ ಇರುತ್ತಾರೆ. ಡೆಸಿಮಲ್ ಸಂಖ್ಯೆಯನ್ನು (ನಮ್ಮ ಮಾಮೂಲಿ ಸಂಖ್ಯೆ) ಬೈನರಿಗೆ (0 ಮತ್ತು 1 ಮಾತ್ರ ಇರುವ ಬರಹ) ಬದಲಾಯಿಸುವ ಬಗ್ಗೆ ಏನಿದ್ದರೂ ಕೇಳಿ. ಗುಡ್ ಈವ್ನಿಂಗ್ ಚಿತ್ರ ಬೇಡ.

ಡಿಪ್ಲೊಮಾ ಹುಡುಗ, ಹುಬ್ಬಳ್ಳಿ: ಮೇಡಂ, ಎರಡರಿಂದ ಭಾಗಿಸುತ್ತಾ ಹೋಗಿ ಶೇಷಗಳನ್ನು ಮೇಲಿಂದ ಕೆಳಗೆ ಬರೆದೆ. 45ಕ್ಕೆ 101101 ಬಂತು, ಸರಿ ಅಂದರು. 50ಕ್ಕೆ 010011 ಬಂತು, ತಪ್ಪು ಅಂದರು. ಯಾಕೆ?

ಮೇಡಂ: ಕೆಳಗಿಂದ ಮೇಲೆ ಬರೆಯಬೇಕು. ಮೊದಲು ಸಿಗುವ ಶೇಷ ಒಂದರ ಸ್ಥಾನದ್ದು, ಅದು ಬಲತುದಿಗೆ ಹೋಗುತ್ತದೆ. 50 ಅಂದರೆ 110010, ಅಂದರೆ 32+16+2. ನೀವು ಬರೆದದ್ದು 19. 45ರಲ್ಲಿ ನಿಮ್ಮ ತಪ್ಪು ಬಚಾವಾಯಿತು, ಏಕೆಂದರೆ 101101ನ್ನು ಯಾವ ಕಡೆಯಿಂದ ಓದಿದರೂ ಒಂದೇ.

ನಿವೃತ್ತರು, ವಿದ್ಯಾನಗರ: ಫಾರ್ವರ್ಡ್ ಬಂದದ್ದು. "ಭಾಗಾಕಾರ ಬೇಡವೇ ಬೇಡ! 8421 ಟ್ರಿಕ್. ಪ್ರತಿ ಅಂಕಿಯನ್ನೂ ನಾಲ್ಕು ಬಿಟ್‌ನಲ್ಲಿ, ಅಂದರೆ ನಾಲ್ಕು 0-1 ಅಂಕಿಗಳಲ್ಲಿ, ಬರೆಯಿರಿ. 50 = 01010000. ಎಲ್ಲ ಮಕ್ಕಳಿಗೂ ತಲುಪಿಸಿ."

ಮೇಡಂ: ದಯವಿಟ್ಟು ತಲುಪಿಸಬೇಡಿ. ಇದು ಬಿಸಿಡಿ, ಅಂದರೆ ಡೆಸಿಮಲ್‌ನ ಒಂದೊಂದು ಅಂಕಿಯನ್ನೂ ಬೇರೆ ಬೇರೆಯಾಗಿ ಬರೆಯುವ ಸಂಕೇತ, ಬೈನರಿ ಅಲ್ಲ. ಬೈನರಿ ಅಂತ ಓದಿದರೆ 01010000 ಅಂದರೆ 80. ಒಂಬತ್ತರವರೆಗೆ ಸರಿ ಬರುತ್ತದೆ, ಅದಕ್ಕೇ ಜನ ನಂಬುತ್ತಾರೆ. ಒಂಬತ್ತು ದಾಟಿದರೆ ಕೆಟ್ಟಿತು. ಅಂಕಿಗೆ ನಾಲ್ಕು ಬಿಟ್ ಅನ್ನೋದು ಹೆಕ್ಸ್‌ಗೆ (ಹದಿನಾರರ ಲೆಕ್ಕ) ನಡೆಯುತ್ತದೆ, ಡೆಸಿಮಲ್‌ಗೆ ನಡೆಯಲ್ಲ.

ತಾಯಿ, ಗದಗ: ಶೇಷ ಯಾವ ಕಡೆಯಿಂದ ಬರೆಯಬೇಕು ಮೇಡಂ? ಸಪ್ತಾಪುರದಲ್ಲಿ ಒಳ್ಳೆ ಟ್ಯೂಷನ್ ಇದ್ದರೂ ಹೇಳಿ.

ಮೇಡಂ: ಕೆಳಗಿಂದ.

ಪ್ಯಾಕಿಂಗ್, ಬ್ಯಾಡಗಿ: ನಮ್ಮದು ಮೆಣಸಿನಪುಡಿ. ಒಂದು ಕೆ.ಜಿ. ತುಂಬಿದಾಗ ನಿಲ್ಲಬೇಕು ಅಂತ ನಾನೇ ಒಂದು ಪ್ರೋಗ್ರಾಂ ಬರೆದೆ. 250 ಗ್ರಾಂ ಪ್ಯಾಕೆಟ್‌ಗೆ 0.25 ಕೂಡಿಸುತ್ತಾ ಹೋದರೆ ನಿಲ್ಲುತ್ತದೆ. 100 ಗ್ರಾಂಗೆ 0.1 ಕೂಡಿಸಿದರೆ ನಿಲ್ಲುವುದೇ ಇಲ್ಲ. 200 ಗ್ರಾಂಗೆ ಸರಿ. ತಲೆ ಕೆಟ್ಟಿದೆ.

ಮೇಡಂ: ಇಂಥದ್ದು ಕೇಳಿ! ದಶಾಂಶ ಭಾಗವನ್ನು ಬೈನರಿ ಮಾಡುವಾಗ ಭಾಗಿಸಲ್ಲ, ಎರಡರಿಂದ ಗುಣಿಸುತ್ತೇವೆ. ಪಾಯಿಂಟ್‌ನ ಎಡಕ್ಕೆ ಬಂದ ಅಂಕಿ ತೆಗೆದಿಟ್ಟು, ಉಳಿದದ್ದನ್ನು ಮತ್ತೆ ಗುಣಿಸಬೇಕು. ಇಲ್ಲಿ ಮಾತ್ರ ಮೇಲಿಂದ ಕೆಳಗೆ ಬರೆಯಬೇಕು. 0.25: ಗುಣಿಸಿದರೆ 0.5, ಅಂಕಿ 0. ಮತ್ತೆ ಗುಣಿಸಿದರೆ 1.0, ಅಂಕಿ 1. ಮುಗಿಯಿತು, 0.01. ಈಗ 0.1 ಹಿಡಿಯಿರಿ. 0.2, ಅಂಕಿ 0. 0.4, ಅಂಕಿ 0. 0.8, ಅಂಕಿ 0. 1.6, ಅಂಕಿ 1. ಉಳಿದ 0.6ರಿಂದ 1.2, ಅಂಕಿ 1. ಉಳಿಯಿತು 0.2. ಅದನ್ನು ಆಗಲೇ ನೋಡಿದ್ದೇವೆ ಅಲ್ವಾ? ಅಲ್ಲಿಂದ 0011, 0011 ಅಂತ ಸುತ್ತುತ್ತಲೇ ಇರುತ್ತದೆ, ಮುಗಿಯಲ್ಲ. ಕಂಪ್ಯೂಟರ್ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಹಾಗಾಗಿ ನಿಮ್ಮ ಹತ್ತು 0.1 ಸೇರಿ 0.9999999999999999 ಆಗುತ್ತದೆ, 1 ಆಗಲ್ಲ. ಮುಂದಿನ ಸುತ್ತಿಗೆ 1 ದಾಟಿ ಹೋಗುತ್ತದೆ. ನೀವು "1ಕ್ಕೆ ಸಮ ಆದರೆ ನಿಲ್ಲು" ಅಂದಿದ್ದೀರಿ, ಅದು ಯಾಕೆ ನಿಲ್ಲುತ್ತದೆ?

0.2 ಕೂಡ ಮುಗಿಯದ ಸಂಖ್ಯೆಯೇ. ಐದು ಸಲ ಕೂಡಿಸುವಾಗ ತಪ್ಪುಗಳು ಅದೃಷ್ಟಕ್ಕೆ ಹೊಡೆದುಹೋಗುತ್ತವೆ. ಅದನ್ನು ನಂಬಬೇಡಿ. ತೂಕವನ್ನು ಗ್ರಾಂನಲ್ಲೇ ಪೂರ್ಣಾಂಕವಾಗಿ ಇಡಿ: 100, 200, 1000.

ನಿವೃತ್ತರು, ವಿದ್ಯಾನಗರ: ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಗಲಾಟೆನಾ?

ಮೇಡಂ: 1991ರ ಗಲ್ಫ್ ಯುದ್ಧದಲ್ಲಿ ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಎದುರಾಳಿ ಕ್ಷಿಪಣಿ ಹೊಡೆಯಲು ಇಟ್ಟಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಇದೇ 0.1 ಸೆಕೆಂಡನ್ನು 24 ಬಿಟ್‌ಗೆ ಕತ್ತರಿಸಿ ಲೆಕ್ಕ ಹಾಕುತ್ತಿತ್ತು. 100 ಗಂಟೆ ಓಡಿದ ಮೇಲೆ ಸುಮಾರು 0.34 ಸೆಕೆಂಡ್ ತಪ್ಪಿತು. ಎದುರು ಬಂದ ಇರಾಕಿನ ಸ್ಕಡ್ ಕ್ಷಿಪಣಿ ತಪ್ಪಿಸಿಕೊಂಡಿತು, 28 ಅಮೆರಿಕನ್ ಸೈನಿಕರು ಸತ್ತರು. ಸಣ್ಣದು ಅಂತೀರಾ?

ಕನ್ನಡ ಎಂ.ಎ., ಹಾವೇರಿ: ಬೈನರಿ ನಮ್ಮದೇ. ಪಿಂಗಳನ ಛಂದಃಶಾಸ್ತ್ರ ನೋಡಿ. ಪ್ರಸ್ತಾರದ (ಲಘು-ಗುರುಗಳ ಎಲ್ಲ ಜೋಡಣೆಗಳ ಪಟ್ಟಿ) ಎಷ್ಟನೇ ಸಾಲು ಅಂತ ಕೊಟ್ಟರೆ ಅರ್ಧ ಮಾಡುತ್ತಾ ಹೋಗಬೇಕು. ಸರಿಯಾಗಿ ಅರ್ಧವಾದರೆ ಲಘು. ಬೆಸ ಬಂದರೆ ಒಂದು ಕೂಡಿಸಿ ಅರ್ಧ ಮಾಡಿ ಗುರು.

ಬಿಸಿಎ, ಧಾರವಾಡ: ಅದು ಪದ್ಯದ ಲೆಕ್ಕ ಸರ್. 0 ಮತ್ತು 1ರಲ್ಲಿ ಕೂಡಿಸಿ ಗುಣಿಸಿ ತೋರಿಸಿದ್ದು ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್, 1703ರ ಲೇಖನದಲ್ಲಿ.

ಕನ್ನಡ ಎಂ.ಎ., ಹಾವೇರಿ: ಪರದೇಶದವರು ಹೇಳಿದರೆ ಮಾತ್ರ ಗಣಿತ, ಅಲ್ವಾ?

ಬಿಸಿಎ, ಧಾರವಾಡ: ಹಾಗಂದೆನಾ? ಮೊದಲು ಓದೋದು ಕಲಿಯಿರಿ.

ಡಿಪ್ಲೊಮಾ ಹುಡುಗ, ಹುಬ್ಬಳ್ಳಿ: ಮೈನಸ್ 5ನ್ನು ಹೇಗೆ ಬರೆಯೋದು ಮೇಡಂ?

ಕನ್ನಡ ಎಂ.ಎ., ಹಾವೇರಿ: ನನಗೆ ಓದು ಕಲಿಸುವಷ್ಟು ದೊಡ್ಡವನಾದೆಯಾ ತಮ್ಮಾ?

ಮೇಡಂ: ಅರ್ಧ ಮಾಡುವ ಸೂತ್ರವೂ ನಿಜ, 1703 ಕೂಡ ನಿಜ. ಜಗಳ ಹೊರಗೆ ಮಾಡಿ.

ಪೋಷಕರು, ರಾಣೆಬೆನ್ನೂರು: ಶೇಷ ಮೇಲಿಂದಲೋ ಕೆಳಗಿಂದಲೋ?

ಮೇಡಂ: ಮೇಲೆ ಓದಿ.

ಪೋಷಕರು, ರಾಣೆಬೆನ್ನೂರು: ಹಾಗಾದರೆ ಮೇಲಿಂದ ಓದಬೇಕು. ಥ್ಯಾಂಕ್ಸ್ ಮೇಡಂ.

ಮೇಡಂ: ಅಯ್ಯೋ, ಅಲ್ಲ! ನನ್ನ ಮೇಲಿನ ಉತ್ತರ ಓದಿ ಅಂದೆ. ಶೇಷ ಕೆಳಗಿಂದ.

ನಿವೃತ್ತರು, ವಿದ್ಯಾನಗರ: ಇನ್ನೊಂದು ಫಾರ್ವರ್ಡ್. "ಬೆರಳಲ್ಲೇ ಬೈನರಿ..."

ಮೇಡಂ: ಅಡ್ಮಿನ್, ತೆಗೆಯಿರಿ.

ಪ್ಯಾಕಿಂಗ್, ಬ್ಯಾಡಗಿ: ಗ್ರಾಂಗೆ ಬದಲಾಯಿಸಿದೆ, ನಿಂತಿತು! ದರವೂ ರೂಪಾಯಿ ಪಾಯಿಂಟ್‌ನಲ್ಲಿದೆ. ಹಳೆಯ ಫೈಲನ್ನು 100ರಿಂದ ಗುಣಿಸಿ ಇಂಟ್ ಹಾಕಿ (ಪಾಯಿಂಟ್ ನಂತರದ್ದನ್ನು ಕತ್ತರಿಸಿ) ಪೈಸೆ ಮಾಡಲಾ?

ಮೇಡಂ: ಗುಣಿಸಿ, ಆದರೆ ರೌಂಡ್ ಮಾಡಿ. ಬರೀ ಇಂಟ್ ಹಾಕಿದರೆ 4.35 ರೂಪಾಯಿ 434 ಪೈಸೆ ಆಗುತ್ತದೆ. ಹಳೆಯ ಫೈಲಿನ ಒಂದು ಕಾಪಿ ಇಟ್ಟುಕೊಂಡು ಶುರು ಮಾಡಿ.