80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ, ನಿಮಗೆ ಯಾವುದರಿಂದ ಸರಿಹೋಯಿತು?

ಚಿಂಚವಡದ ಹುಡುಗ:
2010ರ ವ್ಯಾಗನಾರ್, 1.2 ಲಕ್ಷ ಕಿಮೀ ಓಡಿದೆ. 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ, 100ರ ಹತ್ತಿರ ಸ್ವಲ್ಪ ಕಮ್ಮಿ. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸೋದು) ಮಾಡಿಸಿದೆ, ಏನೂ ಫರಕ್ ಇಲ್ಲ. ದೀಪಾವಳಿಗೆ ಸೋಲಾಪುರದ ಮೇಲೆ ವಿಜಯಪುರಕ್ಕೆ ಹೋಗಬೇಕು. ನಿಮ್ಮ ಅನುಭವ ಹೇಳಿ.

ಡೊಂಬಿವಲಿ ರಾಯರು:
ನನ್ನ ಕಥೆ ಕೇಳಿ. 2008ರ ಸೆಡಾನ್. ಮೊದಲು ಬ್ಯಾಲೆನ್ಸಿಂಗ್ (ಸೀಸದ ತುಂಡು ಅಂಟಿಸಿ ಚಕ್ರದ ತೂಕ ಸುತ್ತಲೂ ಸಮ ಮಾಡೋದು), 600 ರೂಪಾಯಿ. ನಡುಕ ಹೋಗಲಿಲ್ಲ. ಗ್ಯಾರೇಜಿನವನು ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಎಂದ, 1,850. ಆಮೇಲೆ ಚಕ್ರ ಹಿಡಿದಿಡುವ ಲೋವರ್ ಆರ್ಮ್ ಎರಡೂ, 5,200. ಕೊನೆಗೆ ಸ್ಟೀರಿಂಗ್ ರ್ಯಾಕೇ ಹೋಗಿದೆ, 14,000 ಆಗುತ್ತದೆ ಎಂದ. ಅವತ್ತು ಹೆಂಡತಿ ಜೊತೆಗಿದ್ದಳು, ಬಚಾವಾದೆ. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಒಬ್ಬ ಮುದುಕ ಚಕ್ರ ಬಿಚ್ಚಿ, ಮೆಷಿನ್ ಮೇಲೆ ತಿರುಗಲು ಬಿಟ್ಟು, ರಿಮ್ಮಿನ ಅಂಚಿಗೆ ಸೀಮೆಸುಣ್ಣ ಹಿಡಿದ. ಸುತ್ತಲೂ ಬೀಳಬೇಕಾದ ಗೀಟು ಒಂದೇ ಕಡೆ ಬಿತ್ತು. ರಿಮ್ ಬೆಂಡ್! ಬಡಿದು ನೇರ ಮಾಡಿ 400 ತಗೊಂಡ. ಮೊದಲಿನ 7,650 ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕೊತ್ರೂಡ್ ಗುಂಡ:
ಬಡಿದ ರಿಮ್ ಹಾಕಿಕೊಂಡು ಎಕ್ಸ್‌ಪ್ರೆಸ್‌ವೇಯಲ್ಲಿ 100 ಹೋಗುತ್ತೀರಾ? ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ರಿಮ್ ಬಿರುಕು ಬಿಟ್ಟರೆ ಗೊತ್ತಾಗುತ್ತದೆ. ನಾನು ನಾನಾ ಪೇಠಿನಲ್ಲಿ ನಾಲ್ಕೂ ಟೈರ್ ಹೊಸದು ಹಾಕಿಸಿದೆ, 17,200. ಹಳೆಯದರ ಮೇಲೆ 3214 ಅಂತಿತ್ತು, ಅಂದರೆ 2014ರ 32ನೇ ವಾರದ್ದು. ಬಟನ್ (ರಸ್ತೆಗೆ ತಾಗುವ ಗಟ್ಟುಗಳು) ಇನ್ನೂ ಚೆನ್ನಾಗಿತ್ತು ನೋಡಿ, ಅದಕ್ಕೇ ಮೋಸ ಹೋದೆ. ಒಳಗಡೆ ಬದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬಿತ್ತು, ಕೈ ಆಡಿಸಿದಾಗಲೇ ಸಿಕ್ಕಿದ್ದು.

ಡೊಂಬಿವಲಿ ರಾಯರು:
ನನ್ನದು ಕಬ್ಬಿಣದ ರಿಮ್ ಸ್ವಾಮಿ. 17,000 ಸುರಿದವರಿಗೆ 400ರ ರಿಪೇರಿ ಕಂಡರೆ ಹೊಟ್ಟೆ ಉರಿಯೋದು ಸಹಜ.

ಮಡಗಾಂವ್ ಅಕ್ಕ:
ಬ್ರೇಕ್ ಒತ್ತಿದರೆ ಮಾತ್ರವಾ, ಯಾವಾಗಲೂನಾ, ಇದನ್ನು ಯಾರೂ ಕೇಳಲೇ ಇಲ್ಲ. ನನ್ನದು ಅನಮೋಡ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಮಾತ್ರ ನಡುಗುತ್ತಿತ್ತು. ಬ್ರೇಕಿನ ಡಿಸ್ಕ್ ಸಮ ಇರಲಿಲ್ಲ. ಸವರಿ ಸಮ ಮಾಡಲು ಲೇತಿಗೆ ಕೊಟ್ಟೆ, 800. ಎರಡು ತಿಂಗಳಿಗೆ ಮತ್ತೆ ಶುರು. ಕೊನೆಗೆ ಹೊಸ ಡಿಸ್ಕ್ ಜೋಡಿ, ಪ್ಯಾಡ್ ಸೇರಿ 6,300. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಕೆಂಪು ಮಣ್ಣು ರಿಮ್ಮಿನ ಒಳಗೆ ಗಟ್ಟಿಯಾಗಿ ಕೂತು ನಡುಗಿತ್ತು. ಸ್ಕ್ರೂಡ್ರೈವರಿನಲ್ಲಿ ಕೆರೆದೆ, ಪುಕ್ಕಟೆ ಸರಿಹೋಯಿತು.

ಕೊತ್ರೂಡ್ ಗುಂಡ:
ಮಣ್ಣಿಗೆ ಕಾರು ನಡುಗುತ್ತಾ ಅಕ್ಕಾ? ಸುಮ್ನೆ ಏನೋ.

ಮಡಗಾಂವ್ ಅಕ್ಕ:
10 ಗ್ರಾಂ ಸೀಸ ಅಂಟಿಸಲು ಬ್ಯಾಲೆನ್ಸಿಂಗಿನವನಿಗೆ ದುಡ್ಡು ಕೊಡ್ತೀಯಲ್ಲಪ್ಪ, ಕಾಲು ಕೆಜಿ ಮಣ್ಣು ಲೆಕ್ಕಕ್ಕಿಲ್ವಾ?

ಡೊಂಬಿವಲಿ ರಾಯರು:
ಅಕ್ಕ ಹೇಳಿದ್ದು ಸರಿ. ಅಂದಹಾಗೆ, ಗ್ಯಾರೇಜಿನಲ್ಲಿ ಮರಾಠಿಯಲ್ಲಿ ಮಾತಾಡಿ, ರೇಟು ತಾನೇ ಇಳಿಯುತ್ತದೆ.

ಕೊತ್ರೂಡ್ ಗುಂಡ:
ಹೌದಾ? ನಿಮ್ಮ 7,650 ಯಾವ ಭಾಷೆಯಲ್ಲಿ ಹೋಯಿತು ರಾಯರೇ?

ಡೊಂಬಿವಲಿ ರಾಯರು:
ಹಿರಿಯರ ಜೊತೆ ಹೇಗೆ ಮಾತಾಡಬೇಕು ಅಂತ ಮೊದಲು ಕಲಿತುಕೊಳ್ಳಿ.

ಮಡಗಾಂವ್ ಅಕ್ಕ:
ಇವರ ಜಗಳ ಬಿಡು ತಮ್ಮಾ. ಮುಂದಿನ ಚಕ್ರ ಎರಡೂ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಓಡಿಸಿ ನೋಡು. ನಡುಕವೂ ಹಿಂದಕ್ಕೆ ಹೋದರೆ ದೋಷ ಆ ಚಕ್ರದಲ್ಲೇ.

ಚಿಂಚವಡದ ಹುಡುಗ:
ಹಾಕಿದೆ ಅಕ್ಕಾ. ಸ್ಟೀರಿಂಗ್ ಈಗ ಸುಮ್ಮನಿದೆ. ಸೀಟು ನಡುಗುತ್ತಿದೆ.

ಕೊತ್ರೂಡ್ ಗುಂಡ:
ಹೇಳಲಿಲ್ವಾ, ಟೈರು!

ಡೊಂಬಿವಲಿ ರಾಯರು:
ರಿಮ್ಮು.